ಮೂರು ವೋಲ್ಟು

ಬಲೆ ಎತ್ತಿಟ್ಟ ಎರಡು ತಿಂಗಳೇ ನನಗೆ ಸುಗ್ಗಿ.
ಬೈತಖೋಲದಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಾಗ
ಅವುಗಳ ಕಣ್ಣು ಕಿವಿಗಳೆಲ್ಲ ಕಳಚಿ ನನ್ನ ಮೇಜಿಗೆ ಬರುತ್ತವೆ.
ಆಳವನ್ನು ಸುಳ್ಳು ಹೇಳುವ ಫಿಶ್ ಫೈಂಡರು,
ಬರೀ ಕೆಮ್ಮುವ ವೈರ್‌ಲೆಸ್ಸು,
ಒಮ್ಮೆ, ಒಳಗೆ ಏಡಿಮರಿ ಒಣಗಿ ಕೂತಿದ್ದ ಒಂದು ಚಾರ್ಜರು.
ಯಾವುದನ್ನು ಬಿಚ್ಚಿದರೂ ಕಳ್ಳ ಒಬ್ಬನೇ, ಉಪ್ಪು.
ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು,
ಅದಕ್ಕೆ ಸ್ಪಿರಿಟ್ಟು, ಹಳೇ ಹಲ್ಲುಜ್ಜುವ ಬ್ರಶ್ಶು.
ಡಿಪ್ಲೊಮಾದಲ್ಲಿ ಓಮನ ನಿಯಮ ಕಲಿಸಿದ್ದರು;
ಉಪ್ಪಿನ ನಿಯಮ ಇಲ್ಲಿ ಕಲಿತೆ.

ಚಂದ್ರಭಾಗಿ ಬಂದಳು, ಮೀನಿನ ಬುಟ್ಟಿಯಲ್ಲಿ
ಟವೆಲು ಸುತ್ತಿದ ಜಿಪಿಎಸ್ಸು.
"ಬೋಟು ಮಾರಿದೆವು. ಇಂಜಿನ್ನು, ಬಲೆ, ಐಸಿನ ಪೆಟ್ಟಿಗೆ, ಎಲ್ಲಾ.
ಇದರೊಳಗಿನ ಕಲ್ಲುಗಳನ್ನು ಮಾರಿಲ್ಲ.
ಮೈದುನನ ಮಗನಿಗೆ ಬೇಕು."

ಪುರ್ಸೋ ತಾಂಡೇಲ ಹೋಗಿ ಐದು ತಿಂಗಳು.
ಕಡಲಲ್ಲಲ್ಲ, ದವಾಖಾನೆಯ ಮೂರನೇ ವಾರ್ಡಿನಲ್ಲಿ.
ಜನ್ಮವಿಡೀ ಉಪ್ಪಿನಲ್ಲಿದ್ದವನನ್ನು
ಕೊನೆಗೆ ಒಯ್ದದ್ದು ಸಕ್ಕರೆ.

ಮುಚ್ಚಳ ತೆಗೆದು ಮೀಟರಿನ ಮೊನೆ ತಾಗಿಸಿದೆ.
ಬೋರ್ಡಿಗೆ ಬೆಸೆದ ಬಿಲ್ಲೆಯಂಥ ಸೆಲ್ಲು,
ಮೂರು ವೋಲ್ಟು ಇರಬೇಕಾದಲ್ಲಿ ಎರಡೂ ಚಿಲ್ಲರೆ.
ಅದು ಸತ್ತರೆ ಮೂವತ್ತು ವರ್ಷದ ನೆನಪೂ ಹೋಯಿತು.
ತೆಗೆಯದೆ ಬದಲಿಸಲಾಗದು;
ತೆಗೆದರೆ, ಆ ಗಳಿಗೆ, ಬೇರೆ ಯಾರಾದರೂ
ನೆನಪನ್ನು ಹಿಡಿದು ನಿಂತಿರಬೇಕು.

ಗೋಡೆಯ ಕರೆಂಟನ್ನು ನಂಬುವ ಹಾಗಿಲ್ಲ, ಬೈತಖೋಲದಲ್ಲಂತೂ.
ಬೋಟಿನದೇ ಹನ್ನೆರಡು ವೋಲ್ಟಿನ ಬ್ಯಾಟರಿ ತರಿಸಿದೆ.
ಸೆಟ್ಟು ಎಚ್ಚರವಾಗಿರುವಾಗಲೇ ಕೊಯ್ಯಬೇಕು.
ಕಬ್ಬಿಣ ಕಾಯಿಸಿ, ಪ್ಲಗ್ ಕಿತ್ತು,
ಅದು ಆರುವ ಮೊದಲಿನ ಅರ್ಧ ನಿಮಿಷ ನನ್ನದು.
ಫ್ಯಾನು ಆರಿಸಿದೆ. ಚಂದ್ರಭಾಗಿ ಬಳೆ ಹಿಡಿದು ಕೂತಳು.
ರಾಳದ ಹೊಗೆ ಮೂಗಿಗೆ ಬಂತು,
ಹಳೆಯದು ಕೈಗೆ ಬಂತು,
ಹೊಸದು ಕೂತಿತು, ಕೊಂಚ ಸೊಟ್ಟಗೆ.
ಇರಲಿ.

ಪರದೆಯ ಮೇಲೆ ಇನ್ನೂರ ಹನ್ನೆರಡು ಗುರುತು.
ಒಂದೊಂದಕ್ಕೂ ಆರೇ ಅಕ್ಷರದ ಜಾಗ,
ಇಂಗ್ಲಿಷ್ ಅಕ್ಷರದಲ್ಲಿ ಅವನ ಕೊಂಕಣಿ.
ಫಾತರ್ ಒಂದು. ಫಾತರ್ ಎರಡು. ಸುಂಗಟ.
ನಾಲ್ಕು ಕಡೆ ಬರೀ "ನಾಕಾ" —
ಬೇಡ ಅಂತ. ಬಲೆ ಹರಿದ ಜಾಗಗಳಿರಬೇಕು.
ಎಲ್ಲವೂ ದೇವಗಡದ ದೀಪದಾಚೆ, ಎಪ್ಪತ್ಮೂರು ಡಿಗ್ರಿಯಲ್ಲಿ.

ಒಂದು ಮಾತ್ರ ಎಪ್ಪತ್ನಾಲ್ಕರಲ್ಲಿ, ಏಳು ಮಿನಿಟು.
ನೀರಿಲ್ಲ ಅಲ್ಲಿ. ನೆಲ.
ಮತ್ತೆ ಓದಿದೆ. ನನ್ನ ಮೇಜು.
ರಿಪೇರಿ ಮುಗಿದಾಗ ನಾನೊಂದು ಗುರುತು ಒತ್ತಿ ನೋಡುತ್ತೇನೆ,
ಟೆಸ್ಟ್ ಅಂತ. ಯಾವಾಗಲೋ ಅಳಿಸಲು ಮರೆತಿದ್ದೆ.
ಅವನೂ ಅಳಿಸಿರಲಿಲ್ಲ,
ಹೆಸರು ತಿದ್ದಿದ್ದ:
ಉದ್ರಿ.

ಮುನ್ನೂರೈವತ್ತು ರೂಪಾಯಿ, ಹೌದು.
ಮುಂದಿನ ಟ್ರಿಪ್ಪಿಗೆ ಕೊಡ್ತೆ ಅಂದಿದ್ದ,
ಬದಲಿಗೆ ಎರಡು ಇಸ್ವಣ ಕಳಿಸಿದ್ದ; ಅದು ಬಡ್ಡಿ ಅಂದಿದ್ದ.
ನಕ್ಕೆ. ಅವಳು ಏನೆಂದು ಕೇಳಿದಳು.
ಏನೂ ಇಲ್ಲ ಅಂದೆ.

ನೋಟು ಎಣಿಸುತ್ತ ಕೇಳಿದಳು,
"ಅವರದ್ದು ಹಳೇ ಬಾಕಿ ಏನಾದರೂ?"
"ನನ್ನ ಪಟ್ಟಿಯಲ್ಲಿ ಇಲ್ಲ" ಅಂದೆ.
ಸುಳ್ಳಲ್ಲ. ಇದ್ದದ್ದು ಅವನ ಪಟ್ಟಿಯಲ್ಲಿ.

ಆಗಸ್ಟಿಗೆ ಹುಡುಗ ಹೊರಟ. ಕಲಿಸಿಕೊಟ್ಟೆ,
ಗುರುತು ಒತ್ತುವುದು, ಹೆಸರಿಡುವುದು,
ಬಾಣದ ಮೂತಿ ನೋಡಿ ಬೋಟು ತಿರುಗಿಸುವುದು.
ಆ ಸೆಲ್ಲಿಗೆ ಹತ್ತು ವರ್ಷದ ಆಯಸ್ಸು.
ಎಲ್ಲೋ ಫಾತರ್ ಎರಡರ ಮೇಲೆ
ಐಸು ಕರಗುವಷ್ಟು ಹೊತ್ತು ಬಲೆ ಖಾಲಿ ಬಂದಾಗ
ಬೇಸರಕ್ಕೆ ಪಟ್ಟಿ ಕೆಳಗಿಳಿಸುತ್ತ, ಉದ್ರಿ ಒತ್ತಿಯಾನು;
ಬಾಣ ಹೊರಳಿ ಇತ್ತ ತೋರಿಸೀತು.

ಅಳಿಸುವುದು ಹೇಗೆಂದು
ಅವನಿಗೆ ಹೇಳಿಕೊಟ್ಟಿಲ್ಲ.